ಹತ್ತು ಖಾಲಿ ಸೀಟು

ಒಂಬತ್ತಕ್ಕೆ ಬಿಡಬೇಕಿದ್ದ ಹುಮನಾಬಾದ್ ಬಸ್ಸು ಒಂಬತ್ತೂ ಕಾಲಾದರೂ ಬಸವಕಲ್ಯಾಣದ ಬಸ್‌ಸ್ಟ್ಯಾಂಡ್ ಬಿಟ್ಟು ಕದಲಲಿಲ್ಲ. ತಡೆದದ್ದು ಇಂಜಿನ್ ಅಲ್ಲ, ಅಂಬುಬಾಯಿಯ ಹಟ. ನಾರಾಯಣಪುರದ ಈ ಹೆಣ್ಣುಮಗಳು ಮಗ ಅಜೀತನಿಗೆ ಹೆಣ್ಣು ನೋಡಲು ತಾನೂ ಮಗನೂ ಸೇರಿ ಹತ್ತು ಜನರ ದಂಡು ಕಟ್ಟಿಕೊಂಡು ಬಂದಿದ್ದಳು. ಬಸ್ಸಿನಲ್ಲಿ ಖಾಲಿ ಸೀಟೂ ಸರಿಯಾಗಿ ಹತ್ತೇ ಇದ್ದವು. ಆದರೆ ಅಲ್ಲೊಂದು, ಇಲ್ಲೊಂದು.

“ಕೂತ್ರ ಎಲ್ಲಾರೂ ಒಂದ ಕಡೆ ಕೂಡವ್ರು,” ಎಂದಳು ಅಂಬುಬಾಯಿ. “ಹುಡುಗನ ವಯಸ್ಸು, ಪಗಾರ ಹತ್ತೂ ಬಾಯಾಗ ಒಂದ ಬರಬೇಕು. ದಾರ್ಯಾಗ ಹೇಳಿಕೊಡಬೇಕಾಗ್ಯದ.”

ಅದೇ ಬಸ್ಸಿನಲ್ಲಿ ಕೂತಿದ್ದ ಅನೀಲಕುಮಾರ ಬೆವರತೊಡಗಿದ. ಹನ್ನೊಂದಕ್ಕೆ ಹುಮನಾಬಾದಿನ ಕಾಲೇಜೊಂದರಲ್ಲಿ ಅವನು ಕಂಪ್ಯೂಟರ್ ಪಾಠ ಮಾಡಿ ತೋರಿಸಬೇಕಿತ್ತು. ಪಾಠ ಹಿಡಿಸಿದರೆ ಕಾಯಂ ಕೆಲಸ. ಒಂದೇ ಊರು, ಒಂದೇ ಕುರ್ಚಿ, ಮಧ್ಯಾಹ್ನ ಮನೆಗೆ ಹೋಗಿ ಬಿಸಿ ರೊಟ್ಟಿ. ಪಾಪ, ಇದಕ್ಕಿಂತ ದೊಡ್ಡ ಆಸೆ ಅವನಿಗಿರಲಿಲ್ಲ. ಪಾಠದ ವಿಷಯ, ಪ್ರೋಗ್ರಾಂ ಓಡುತ್ತಾ ಓಡುತ್ತಾ ಕಂಪ್ಯೂಟರಿನ ಮೆಮೊರಿಯ ಖಾಲಿ ಜಾಗ ಚೂರುಚೂರಾಗುವುದು. ವಾರವಿಡೀ ಉರು ಹೊಡೆದದ್ದು ಈಗ ಕಣ್ಣೆದುರೇ ನಿಂತಿತ್ತು.

“ಇದು ನಮ್ಮ ಸಬ್ಜೆಕ್ಟ್ ರೀ ಅಕ್ಕಾರ,” ಎಂದು ಎದ್ದ. “ಪ್ರೋಗ್ರಾಂನಾಗ ಆಬ್ಜೆಕ್ಟ್ ಅಂತ ಮಾಹಿತಿ ಗಂಟು ಹುಟ್ತಾವ, ಸಾಯ್ತಾವ. ಸತ್ತವುಗಳ ಜಾಗ ನಡುನಡುವ ಖಾಲಿ ಬೀಳ್ತದ. ಒಟ್ಟು ಜಾಗ ಸಾಕಷ್ಟಿರ್ತದ, ಆದ್ರ ದೊಡ್ಡದೊಂದು ಬಂದ್ರ ಕೂಡಾಕ ಒಂದ ಕಡೆ ಸಿಗಂಗಿಲ್ಲ.”

“ಶುಭ ಕೆಲಸಕ್ಕ ಹೊಂಟಾಗ ಸಾಯೋ ಮಾತ್ಯಾಕ್ರಿ ಸರ್?”

“ಉಪಾಯನೂ ಅದರಿ. ಇದ್ದವರನ್ನ ಹಿಂದಕ್ಕ ಸರಿಸಿದ್ರ ಮುಂದ ಹತ್ತೂ ಸೀಟು ಸಾಲಾಗಿ ಬರ್ತಾವ.”

ಸರಿಸಿಯೇ ಬಿಟ್ಟ. ಚೀಲ, ಕೊಡ, ಕೂಸು ಎಲ್ಲ ಹಿಂದೆ ಹೋದವು. ಮೂರನೇ ಸಾಲಿನ ಕಿಟಕಿಗೆ ಒರಗಿ ಗೊರಕೆ ಹೊಡೆಯುತ್ತಿದ್ದ ಮುದುಕ ದೇವಿಂದ್ರಪ್ಪನನ್ನೂ ರಟ್ಟೆ ಹಿಡಿದು ನಡೆಸಿಕೊಂಡು ಹೋಗಿ ಕೊನೇ ಸೀಟಿಗೆ ಕೂರಿಸಿದ. ಅಲ್ಲಿಯೂ ಗೊರಕೆ ಮುಂದುವರಿಯಿತು. ಹತ್ತಕ್ಕೆ ಬಸ್ಸು ಹೊರಟಿತು. ಅನೀಲಕುಮಾರನಿಗೆ ಅರ್ಧ ಕೆಲಸ ಸಿಕ್ಕಷ್ಟು ಖುಷಿಯಾಯಿತು.

ಕಂಡಕ್ಟರ್ ಪ್ರೇಮಕುಮಾರನಿಗೆ ಮುಖ ನೆನಪಿರುವುದಿಲ್ಲ, ಸೀಟು ನೆನಪಿರುತ್ತದೆ. “ರಾಜೇಶ್ವರ ಸ್ಟಾಪ್ ಬಂದ್ರ ಎಬ್ಬಿಸು ತಮ್ಮಾ” ಎಂದು ದೇವಿಂದ್ರಪ್ಪ ಹೇಳಿದ್ದನ್ನು ಅವನು ಮೂರನೇ ಸಾಲು, ಕಿಟಕಿ ಎಂದೇ ತಲೆಯಲ್ಲಿಟ್ಟುಕೊಂಡಿದ್ದ. ರಾಜೇಶ್ವರ ಬಂದಾಗ ಟಿಕೆಟ್ ಮಿಷನ್ನಿನಿಂದ ಕಣ್ಣೆತ್ತದೆಯೇ ಆ ಸೀಟಿನವನ ಭುಜ ತಟ್ಟಿ “ಇಳೀರಿ, ಇಳೀರಿ” ಎಂದ. ಅಲ್ಲಿ ಈಗ ತೂಕಡಿಸುತ್ತಿದ್ದವನು ಅಜೀತ. ಇಳಿದ.

ಎರಡು ಕಿಲೋಮೀಟರ್ ದಾಟಿದ ಮೇಲೆ, ಮೊದಲ ಸಾಲಿನಲ್ಲಿ ಕೂತಿದ್ದ ಅಂಬುಬಾಯಿ ಪಾಠ ಒಪ್ಪಿಸಿಕೊಳ್ಳತೊಡಗಿದಳು.

“ಹುಡುಗಗ ಎಷ್ಟು ವಯಸ್ಸು?”

“ಇಪ್ಪತ್ತೇಳು,” ಎಂದಿತು ದಂಡು.

“ಅಜೀತಾ, ನೀನೂ ಹೇಳಪಾ.”

ಹೇಳಲು ಅಜೀತನೇ ಇರಲಿಲ್ಲ. ಗದ್ದಲಕ್ಕೆ ಬೆಚ್ಚಿ ಎದ್ದ ದೇವಿಂದ್ರಪ್ಪ, “ರಾಜೇಶ್ವರ ಬಂತೇನು?” ಎಂದು ಕೇಳಿದ.

ಬಸ್ಸು ಹಿಂದಕ್ಕೆ ತಿರುಗಿತು. ಇಡೀ ಬಸ್ಸು ಅನೀಲಕುಮಾರನ ಮೇಲೆ ತಿರುಗಿಬಿತ್ತು. “ಸುಮ್ಕ ಕೂತವರನ್ನ ಎಬ್ಬಿಸಿ ಜಾಗ ಜೋಡ್ಸಾಕ ಬಂದ್ರು ನೋಡು ಸಾಹೇಬ್ರು,” ಎಂದ ಪ್ರೇಮಕುಮಾರ. ರಾಜೇಶ್ವರದಲ್ಲಿ ವರಮಹಾಶಯ ಭಜಿ ತಿನ್ನುತ್ತಾ ನಿಂತಿದ್ದ.

“ಇಳಿ ಅಂದ್ರು, ಇಳದೆ.”

“ನೋಡ್ರಿ, ಯಾರ ಮಾತೂ ಮೀರಾಂವಲ್ಲ ನನ್ನ ಮಗ,” ಎಂದು ಅಂಬುಬಾಯಿ ಎಲ್ಲರಿಗೂ ಹೇಳಿದಳು.

ಅನೀಲಕುಮಾರ ಕಾಲೇಜು ಮುಟ್ಟಿದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಪ್ರಾಚಾರ್ಯ ಜಹೀರುದ್ದೀನ್ ಸಾಹೇಬರು ಗಡಿಯಾರ ನೋಡುತ್ತಿದ್ದರು. ಬರೆದುಕೊಂಡ ಹಾಳೆ ಬಸ್ಸಿನಲ್ಲೇ ಉಳಿದಿತ್ತು, ಉರು ಹೊಡೆದದ್ದೂ ಮರೆತುಹೋಗಿತ್ತು. ಬೇರೆ ದಾರಿ ಕಾಣದೆ ಬಸ್ಸಿನ ಕತೆಯನ್ನೇ ಪಾಠ ಮಾಡಿದ. “ಚೂರು ಜಾಗ ಒಟ್ಟು ಮಾಡೋದು ದೊಡ್ಡದಲ್ಲ ಸರ್. ಸರಿಸಿದ ಆಬ್ಜೆಕ್ಟಿನ ಹಳೇ ವಿಳಾಸ ಯಾರ್ಯಾರ ಹತ್ರ ಅದ, ಎಲ್ಲಾರಿಗೂ ಹೊಸಾದು ತಿಳಿಸಬೇಕು. ಒಬ್ಬರಿಗೆ ಮರತ್ರೂ ಮದುಮಗ ರಾಜೇಶ್ವರದಾಗ ಇಳೀತಾನ.”

ಹುಡುಗರು ಬಿದ್ದು ಬಿದ್ದು ನಕ್ಕರು. ಸಾಹೇಬರು ಕಣ್ಣೊರೆಸಿಕೊಂಡರು.

“ಶಾಬಾಸ್. ಕೆಲಸ ನಿಮ್ದ,” ಎಂದರು ಕೋಣೆಗೆ ಕರೆದು. “ವಾರಕ್ಕ ಹದಿನಾರು ತಾಸು. ಹುಮನಾಬಾದ್‌ನಾಗ ನಾಲ್ಕು, ಬಸವಕಲ್ಯಾಣದಾಗ ಐದು, ಮನ್ನಾಏಖೇಳ್ಳಿದಾಗ ನಾಲ್ಕು, ದುಬಲಗುಂಡಿದಾಗ ಮೂರು. ನಮ್ಮವು ನಾಲ್ಕು ಕಾಲೇಜವ ನೋಡ್ರಿ.”

ಅನೀಲಕುಮಾರ ಕುರ್ಚಿ ಮುಂದಕ್ಕೆ ಎಳೆದುಕೊಂಡ. “ಎಲ್ಲಾ ತಾಸು ಹುಮನಾಬಾದ್‌ಗೇ ಒಟ್ಟು ಮಾಡಿದ್ರ ಹ್ಯಾಂಗ್ರಿ ಸರ್?”

“ಮಾಡವ್ರೇ ಇದ್ದಿವಿ. ಹಂಗಂತ ಆರ್ಡರ್ ಟೈಪಾಗಿ ಸಹಿಗೆ ಬಂದಿತ್ತು. ಅಷ್ಟರಾಗ ನಿಮ್ಮ ಪಾಠ ಕೇಳಿದೆ. ತಾಸು ಸರಿಸಿದ ಮ್ಯಾಲ ಯಾರ್ಯಾರಿಗೆ ತಿಳಿಸ್ಕೋತ ಕೂಡೋದು? ಬಡಾ ಗೋಳು ತಪ್ಪಿಸಿದ್ರಿ.” ಸಾಹೇಬರು ಕಸದ ಬುಟ್ಟಿಯ ಕಡೆ ಕೈ ತೋರಿಸಿದರು. ಆರ್ಡರು ಚೂರುಚೂರಾಗಿ ಬಿದ್ದಿತ್ತು.

“ನಾಳೆ ಮನ್ನಾಏಖೇಳ್ಳಿ, ಮುಂಜಾನೆ ಎಂಟಕ್ಕ,” ಎಂದು ಅವನ ಕೈ ಕುಲುಕಿದರು.