ಅತ್ತೆಗೆ ಅಚ್ಚರಿ ಕಲಿಸಿದ್ದು

ತಪ್ಪು ನನ್ನದೇ. ನಮ್ಮತ್ತೆಗೆ ಇಂಗ್ಲಿಷಿನಲ್ಲಿ ಅಚ್ಚರಿಪಡುವುದನ್ನು ಕಲಿಸಿದ ಪುಣ್ಯಾತ್ಮ ನಾನೇ.

ಅತ್ತೆ, ಅಂದರೆ ನಮ್ಮಪ್ಪನ ಅಕ್ಕ, ಯಾವುದನ್ನೂ ಸುಲಭಕ್ಕೆ ನಂಬುವವರಲ್ಲ. ಬೆಳಗಾಯಿತು ಎಂದರೆ ಬಾಗಿಲು ತೆಗೆದು ನೋಡಿ ಬರುತ್ತಾರೆ. ನಮ್ಮೂರು ಹುಬ್ಬತಲೈನ ಮಂಜಿನಲ್ಲಿ ನೋಡಿದರೂ ಖಾತ್ರಿಯಾಗುವುದಿಲ್ಲ, ಅದು ಬೇರೆ ಮಾತು. ಇನ್ನು ಹೊಗಳಿಕೆ? ಎರಡು ಸಲ ತಳ್ಳಿಹಾಕಿ ಮೂರನೆಯ ಸಲಕ್ಕೆ ಒಪ್ಪಬೇಕು, ಇಲ್ಲದಿದ್ದರೆ ದೃಷ್ಟಿಯಾಗುತ್ತದೆ ಎಂಬುದು ಅವರ ಶಾಸ್ತ್ರ.

ಹೋದ ವರ್ಷ ಟೀ ಫ್ಯಾಕ್ಟರಿಯವರು ಅವರ ತೋಟದ ಎಲೆಯನ್ನು ಒರಟು ಎಂದು ವಾಪಸು ಕಳಿಸಿದರು. ಅತ್ತೆ ಸಿಟ್ಟಿಗೆದ್ದು, ಚಿಗುರನ್ನು ಕೈಯಲ್ಲೇ ಉಜ್ಜಿ ಒಣಗಿಸಿ ಮನೆಯಲ್ಲೇ ಟೀಪುಡಿ ಮಾಡತೊಡಗಿದರು. ಅದರ ರುಚಿ ನೋಡಲು ಕೂನೂರಿನಲ್ಲಿ ಅಂಗಡಿ ಇಟ್ಟಿರುವ ಹೆಂಗಸೊಬ್ಬರು ಬರುವವರಿದ್ದರು. ಅವರಿಗೆ ಬರುವುದು ಇಂಗ್ಲಿಷ್ ಮತ್ತು ಹಿಂದಿ ಮಾತ್ರ. ಅವರು ಒಪ್ಪದಿದ್ದರೆ ಅತ್ತೆ ಮತ್ತೆ ಅದೇ ಫ್ಯಾಕ್ಟರಿಯ ಬಾಗಿಲಲ್ಲಿ ನಿಲ್ಲಬೇಕು.

“ನಾನೇ ಮಾತಾಡ್ತೀನಿ ಬಿಡಿ ಅತ್ತೆ.”

“ಟೀ ನಂದು, ಮಾತು ನಿಂದಾ? ಅವರು ಹೊಗಳಿದ್ರೆ ಏನನ್ನಬೇಕೋ ಅಷ್ಟು ಕಲಿಸು.”

ಕಲಿಸಿದೆ. ಸಣ್ಣ ಅಚ್ಚರಿಗೆ ‘ರಿಯಲಿ?’, ನಂಬಲೇ ಆಗದ್ದಕ್ಕೆ ‘ಆರ್ ಯೂ ಸೀರಿಯಸ್?’ ಆದರೆ ನನ್ನ ಹಾಳು ಬಾಯಿಗೆ ಇಂಗ್ಲಿಷ್ ಬರುವುದೇ ನಾನು ಅಣಕಿಸುವ ಎಸ್ಟೇಟ್ ಮ್ಯಾನೇಜರನ ದನಿಯಲ್ಲಿ. ತಡವಾಗಿ ಬಂದವರನ್ನು ಗದರಿಸುವ ದನಿ ಅದು. ಅತ್ತೆ ಮಾತಿನ ಜೊತೆ ಆ ದನಿಯನ್ನೂ, ಏರಿಸಿದ ಹುಬ್ಬನ್ನೂ ಕಲಿತರು. “ಒಂದು ಹನಿ ನೀರು ಹಾಕಿಲ್ಲಮ್ಮ” ಎಂದ ಹಾಲಿನವನ ಮೇಲೆ “ರಿಯಲಿ?” ಪ್ರಯೋಗವಾಯಿತು. ಮರುದಿನದಿಂದ ಹಾಲು ಗಟ್ಟಿ! ನಾನು ಬೀಗಿದೆ.

ಅಂಗಡಿಯವರು ಬಂದರು. ಒಂದು ಗುಟುಕು ಕುಡಿದು, ಇಂಥ ಟೀ ಕುಡಿದೇ ಇಲ್ಲ ಎಂದು ಇಂಗ್ಲಿಷಿನಲ್ಲಿ ಹೊಗಳಿದರು.

“ರಿಯಲಿ?” ಅತ್ತೆ ಗದರಿದರು.

ಆಕೆ ತಡವರಿಸಿ, ಇರುವ ಪುಡಿಯನ್ನೆಲ್ಲ ನಾನೇ ಕೊಳ್ಳುತ್ತೇನೆ ಎಂದರು.

“ಆರ್ ಯೂ ಸೀರಿಯಸ್?”

ಆಕೆ ಲೋಟ ಇಟ್ಟು, ಸಾರಿ ಎಂದು, ಚೀಲ ಎತ್ತಿಕೊಂಡರು. ಅತ್ತೆಯ ಮುಖ ಬಿಳಿಚಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಆಕೆಯ ಕೈಹಿಡಿದು ಕೂರಿಸಿ, ಇನ್ನೊಂದು ಲೋಟ ಟೀ ಕಾಯಿಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅದನ್ನು ಕಂಡು ಆಕೆ ಮೆತ್ತಗೆ ನಕ್ಕು ಮತ್ತೆ ಹೊಗಳಿದರು. ಅತ್ತೆ ಈ ಸಲ ಸುಮ್ಮನೆ ತಲೆಯಾಡಿಸಿದರು. ಪುಡಿಯೆಲ್ಲ ಆಕೆಯ ಕಾರು ಹತ್ತಿತು.

ಹೊರಡುವಾಗ ಆಕೆ, ಇವರಿಗೆ ಇಂಗ್ಲಿಷ್ ಕಲಿಸಿದ್ದು ಯಾರು ಎಂದು ನನ್ನನ್ನು ಕೇಳಿದರು. ನಾನು ತಲೆ ತಗ್ಗಿಸಿ ಆ ಪ್ರಶ್ನೆಯನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

“ಟಿವಿ ನೋಡಿ ನಾನೇ ಕಲ್ತೆ ಅನ್ನು,” ಎಂದರು ಅತ್ತೆ.

ಕಾರು ಮರೆಯಾದ ಮೇಲೆ ಕೇಳಿದೆ: “ಅತ್ತೆ, ಈ ಸಲ ಸರಿಯಾದ ದನೀಲಿ ಕಲಿಸ್ಲಾ?”

“ಬೇಡಪ್ಪ. ನೀನು ಕಲಿಸಿದ ಎರಡು ಮಾತಿಗೆ ಒಂದು ಲೋಟ ಟೀ ಖರ್ಚಾಯ್ತು. ಇನ್ನೂ ಕಲಿಸಿದ್ರೆ ತೋಟ ಸಾಲಲ್ಲ ಕಣೋ.”