ಕಿವಿಯ ಅಂಚಿನ ಪ್ರಭೆ

ಓದಿದವನಿಗೆ ಬರುವ ನಾಚಿಕೆ ಓದದವನಿಗೆ ಬರುವುದಿಲ್ಲ ಎಂದು ಈಚೆಗೆ ನನಗೆ ಅನ್ನಿಸುತ್ತಿದೆ. ಓದದವನು ತಪ್ಪು ಮಾಡಿದರೆ ‘ಪಾಪ, ತಿಳಿಯಲಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ನಾನು ತಪ್ಪು ಮಾಡಿದರೆ ಅದರಲ್ಲೂ ಏನೋ ಶಾಸ್ತ್ರವಿರಬೇಕೆಂದು ಕೈಮುಗಿಯುತ್ತಾರೆ.

ಪುಣೆಯಲ್ಲಿ ಬಿ.ಎ. ಓದುವಾಗ ಮನುಷ್ಯನ ಪ್ರಭೆಯ ಕುರಿತು ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ಎಲ್ಲರ ತಲೆಯ ಸುತ್ತಲೂ ಬಣ್ಣದ ಬೆಳಕಿರುತ್ತದೆ, ಪ್ರೀತಿಗೆ ಗುಲಾಬಿ, ಸಿಟ್ಟಿಗೆ ಕೆಂಪು, ಒಳ್ಳೆಯತನಕ್ಕೆ ಬಂಗಾರ. ಚಿತ್ರಗಾರರು ದೇವರ ತಲೆಯ ಹಿಂದೆ ಬರೆಯುವ ಚಕ್ರ ಹುಟ್ಟಿದ್ದೇ ಆ ಬೆಳಕನ್ನು ಕಂಡವರಿಂದ, ಎಂದು ಅದರಲ್ಲಿತ್ತು. ಮೂಡಲಗಿಯ ಮನೆಗೆ ಬಂದವನು ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ವಿವರಿಸಿದೆ. ಅವ್ವ, ‘ಮಾರಿ ಮ್ಯಾಗಿನ ಕಳೆ ಅಂತೀವೆಲ್ಲ, ಅದ ಹೌದಿಲ್ಲೋ?’ ಅಂದಳು. ಬಾಜೂ ಮನೆಯ ಬಟ್ಟೆ ವ್ಯಾಪಾರಿ ಹುಸೇನಸಾಬರು, ‘ನಮ್ಮಾಗ ನೂರ್ ಅಂತಾರ್ರಿ’ ಅಂದರು. ಇಬ್ಬರೂ ಒಂದೊಂದು ಮಾತಿನಲ್ಲಿ ಮುಗಿಸಿದ್ದನ್ನು ನಾನು ಇಡೀ ಸಂಜೆ ಎಳೆದೆ. ನನಗೂ ಪ್ರಭೆ ಕಾಣುತ್ತದೆ ಎಂದು ನಾನೇ ಹೇಳಿದೆನೋ, ಅವರೇ ಹಾಗೆ ತಿಳಿದರೋ, ಈಗ ಖಚಿತವಿಲ್ಲ. ನಾನು ಅಲ್ಲಗಳೆಯಲಿಲ್ಲ ಎಂಬುದು ಮಾತ್ರ ಖಚಿತ.

ಆ ವಾರವೇ ತಂಗಿ ನೀಲವ್ವನನ್ನು ನೋಡಲು ಹುಕ್ಕೇರಿಯಿಂದ ಶಿವಪ್ಪನೆಂಬ ಹುಡುಗ ತನ್ನ ಕಾಕಾನ ಜೊತೆ ಬಂದ. ಅಪ್ಪ ಮೆಲ್ಲಗೆ ನನ್ನ ಬಳಿ ಬಗ್ಗಿ, ‘ಹುಡುಗನ ಪ್ರಭಾ ಎಂಥಾದೈತಿ, ನೋಡಿ ಹೇಳಪಾ’ ಅಂದರು. ಕಣ್ಣು ಅರೆ ಮುಚ್ಚಿ, ಕಿವಿಯ ಅಂಚಿನಾಚೆ ಬಿಳಿ ಗೋಡೆಯನ್ನು ದಿಟ್ಟಿಸಬೇಕೆಂದು ಪುಸ್ತಕ ಹೇಳಿತ್ತು. ಹುಡುಗನ ಎಡಗಿವಿಯ ಪಕ್ಕಕ್ಕೆ ದಿಟ್ಟಿಸಿದೆ. ಸುಣ್ಣ ಕಂಡಿತು. ಇನ್ನಷ್ಟು ದಿಟ್ಟಿಸಿದೆ. ಉಪ್ಪಿಟ್ಟು ಆರಿತು. ಹುಡುಗ ರುಮಾಲನ್ನು ಎಡಕ್ಕೆ ಜಗ್ಗಿಕೊಂಡ. ಕಾಕಾ ಬೆವರು ಒರೆಸಿಕೊಂಡರು, ಕೊನೆಗೆ ಕೈಜೋಡಿಸಿಯೇಬಿಟ್ಟರು.

‘ಆತ್ರಿ, ನಿಮ್ಮ ಕಣ್ಣಿಗೆ ಬಿತ್ತು. ಮುಚ್ಚಿಡಬಾರದಿತ್ತು. ಹುಡುಗಗ ಎಡಗಿವಿ ಕೇಳ್ಸೂದಿಲ್ರಿ. ಸಣ್ಣಾವಿದ್ದಾಗ ಕಿವಿ ಸೋರಿ ಹಂಗಾತು.’

ಬಾಗಿಲ ಮರೆಯಲ್ಲಿದ್ದ ಅವ್ವ ನನ್ನ ಕಡೆ ಕೈಮಾಡಿ ಲಟಿಕೆ ಮುರಿದು ದೃಷ್ಟಿ ತೆಗೆದಳು. ಆಮೇಲೆ ತಿಳಿಸುತ್ತೇವೆಂದು ಅಪ್ಪ ಬಂದವರನ್ನು ಸಾಗಹಾಕಿದರು. ನೀಲವ್ವ ನನ್ನನ್ನು ಅಡುಗೆಮನೆಯಲ್ಲಿ ಹಿಡಿದಳು.

‘ನನಗ ಆ ಹುಡುಗ ಮನಸ್ಸಿಗೆ ಬಂದಿದ್ದ, ಅಣ್ಣಾ. ಒಂದು ಕಿವಿ ಕೇಳ್ಸದಿದ್ರ ಏನಾತು, ಇನ್ನೊಂದು ಐತೆಲ್ಲ? ನಿನಗ ಎರಡೂ ಅದಾವು, ನಾ ಹೇಳಿದ್ದು ಯಾವಾಗರ ಕೇಳೀಯೇನು?’

‘ನಾ ಏನೂ ಕಂಡಿಲ್ಲವ್ವಾ. ಬರೇ ಗ್ವಾಡಿ ನೋಡಿದೆ.’

‘ಹಂಗಾರ ಹೋಗಿ ಅಪ್ಪಗ ಅದನ್ನ ಹೇಳು.’

ಹೇಳಲೆಂದೇ ಹೋದೆ. ಅಪ್ಪ ಕಟ್ಟೆಯ ಮೇಲೆ ಹುಸೇನಸಾಬರಿಗೆ, ‘ಮಾರಿ ನೋಡಿ ಕಿವಿಯೊಳಗಿಂದು ಹೇಳ್ತಾನ್ರಿ ನಮ್ಮ ಹುಡುಗ! ಪುಣೆದಾಗ ಓದಿಸಿದ್ದು ಸಾರ್ಥಕ ಆತು’ ಅನ್ನುತ್ತಿದ್ದರು. ನನ್ನ ಪದವಿಯ ಬಗ್ಗೆ ಅವರು ಹಾಗೆ ಹಿಗ್ಗಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ‘ಕಿವಿ ಕಡೆ ಅಷ್ಟ ಮಬ್ಬು ಐತಿ, ಅಪ್ಪಾ. ಉಳಿದದ್ದೆಲ್ಲ ಬಂಗಾರ’ ಅಂದುಬಿಟ್ಟೆ. ಸತ್ಯ ಹೇಳಿದ್ದರೂ ಮದುವೆ ಆಗುತ್ತಿತ್ತೇನೋ. ಸುಳ್ಳಿನಿಂದ ಆಯಿತು.

ಈಗ ಕಲ್ಲೋಳಿಯಿಂದಲೂ ಗಾಡಿ ಕಟ್ಟಿಕೊಂಡು ವರಗಳನ್ನು ತೋರಿಸಲು ತರುತ್ತಾರೆ. ಗೋಕಾಕಿನಲ್ಲಿ ಕೆಲಸವಿದೆ ಎಂದು ಹಿತ್ತಲಿನಿಂದ ಓಡುತ್ತೇನೆ. ಈ ನಾಚಿಕೆ ತಡೆಯಲಾರದೆ ಮೊನ್ನೆ ಹುಕ್ಕೇರಿಗೆ ಹೋದಾಗ, ಊಟಕ್ಕೆ ಶಿವಪ್ಪನವರ ಪಕ್ಕ ಕುಳಿತು ಎಲ್ಲವನ್ನೂ ಹೇಳಿಬಿಟ್ಟೆ: ನನಗೆ ಯಾವ ಬೆಳಕೂ ಕಂಡಿರಲಿಲ್ಲ, ನಿಮ್ಮ ಗುಟ್ಟು ಸುಮ್ಮನೆ ಹೊರಬಿತ್ತು, ಬಂಗಾರವೂ ಸುಳ್ಳು, ಕ್ಷಮಿಸಿರಿ. ಅವರು ರೊಟ್ಟಿ ಮುರಿಯುತ್ತ ನಕ್ಕು, ‘ಹೌದ್ರಿ, ಹೌದ್ರಿ, ಬದ್ನಿಕಾಯಿ ಭಾಳ ಚಲೋ ಆಗೈತ್ರಿ’ ಅಂದರು.

ನಾನು ಕುಳಿತದ್ದು ಅವರ ಎಡಗಡೆಗೆ. ಅದು ನನಗೆ ಆಮೇಲೆ ಹೊಳೆಯಿತು ಎಂದು ಬರೆಯಬೇಕೆಂದಿದ್ದೆ. ಆದರೆ ಬಲಗಡೆಯ ಮಣೆಯೂ ಖಾಲಿಯೇ ಇತ್ತು.