ಸೀಮೆ ಕಂಡವನ ಸೀಮೆಹಸು

ಬೆಳಗಿನ ಹಾಲನ್ನು ಡೇರಿಗೆ ಹಾಕಿ ಬಂದ ಮೇಲೆ ಕಾಂತರಾಜ ಹಸುವಿನ ಕೊರಳ ಕಣ್ಣಿ ಬಿಚ್ಚಿ ಕೊಟ್ಟಿಗೆಯ ಮೊಳೆಗೆ ನೇತುಹಾಕಿದ. ಅವನು ಮಾಡಿದ್ದು ಅಷ್ಟೇ. ಆ ದಿನ ಊರಿನಲ್ಲಿ ನಡೆದ ಮಿಕ್ಕಿದ್ದನ್ನೆಲ್ಲ ಹಸುವೇ ಮಾಡಿತು.

ಕಾಂತರಾಜನ ಊರು ಬೇತಮಂಗಲದಿಂದ ರಾಬರ್ಟ್‌ಸನ್‌ಪೇಟೆಗೆ ಹೋಗುವ ಬಸ್ಸಿನ ದಾರಿಯಲ್ಲಿದೆ. ಹೈನುಗಾರಿಕೆಯಲ್ಲಿ ಡಿಪ್ಲೊಮಾ ಮಾಡಿದ್ದ ಅವನು ನ್ಯೂಜಿಲೆಂಡಿನ ದಕ್ಷಿಣದ ತುದಿಯ ಒಂದು ಹಾಲಿನ ಫಾರ್ಮಿನಲ್ಲಿ ಐದು ವರ್ಷ ದುಡಿದು, ವಾಪಸು ಬಂದು ಒಂದು ತಿಂಗಳಾಗಿತ್ತು. ಹೋದ ಹೊಸದರಲ್ಲಿ ಬೆಳಗಿನ ಜಾವದ ಚಳಿಗೆ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ಮಳೆಯಲ್ಲಿ ನಿಂತು ಅತ್ತಿದ್ದ. ಮೂರು ತಿಂಗಳಿಗೆ ಅಳು ನಿಂತಿತು. ಆರು ತಿಂಗಳಿಗೆ ಬ್ರೆಡ್ಡು ರುಚಿಸಿತು. ವರ್ಷ ತುಂಬುವಷ್ಟರಲ್ಲಿ, ಎದುರಿಗೆ ಬಂದ ಪ್ರತಿ ಗಾಡಿಗೂ ಅಲ್ಲಿಯ ರೈತರ ಹಾಗೆ ಒಂದು ಬೆರಳೆತ್ತಿ ನಮಸ್ಕಾರ ಹೇಳುವುದು ರೂಢಿಯಾಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಹಸುವಿನ ಮುಂದೆ ದನಿಯೆತ್ತಬಾರದು, ಕೋಲೆತ್ತಬಾರದು, ಓಡಬಾರದು ಎಂಬುದು ಅವನ ಮೈಯೊಳಗೆ ಇಳಿದುಬಿಟ್ಟಿತ್ತು. ಅಲ್ಲಿಯ ಯಜಮಾನ ಹೆಂಡತಿಯ ಮೇಲೆ ರೇಗಿದ್ದನ್ನು ಕಾಂತರಾಜ ಎರಡು ಸಲ ಕಂಡಿದ್ದ. ಹಸುವಿನ ಮೇಲೆ ರೇಗಿದ್ದನ್ನು ಒಮ್ಮೆಯೂ ಕಂಡಿರಲಿಲ್ಲ.

ಬಂದ ದಿನದಿಂದ ಅವನು ತಾಯಿ ಅಶ್ವತ್ಥಮ್ಮನ ಬೆನ್ನು ಬಿದ್ದಿದ್ದ. ಹಸುವನ್ನು ಕಟ್ಟಬಾರದು, ಬಿಡಬೇಕು. ಮನಸ್ಸಿಗೆ ಬಂದಾಗ ನೀರು ಕುಡಿಯಬೇಕು, ಮನಸ್ಸಿಗೆ ಬಂದಾಗ ಮಲಗಬೇಕು. ಆಗಲೇ ಹಾಲು.

"ಅಲ್ಲಿ ನಾನೂರೈವತ್ತು ಅಸಕ್ಕೆ ಒಂದೇ ಒಂದು ಕಣ್ಣಿ ಇರ್ಲಿಲ್ಲಮ್ಮಾ."

"ನಾನೂರೈವತ್ತರಾಗೆ ಒಂದು ಓದ್ರೂ ಗೊತ್ತಾಗಕಿಲ್ಲ ಕಣೋ. ನಂದಿರೋದು ಒಂದೇ."

ಆದರೂ ಮಗ. ಐದು ವರ್ಷ ಕಣ್ಣಿಗೆ ಬೀಳದೆ ಇದ್ದ ಮಗ. ಕೊನೆಗೆ ಆಕೆ ಮಣಿದಳು. "ಇವತ್ತೊಂದಿನ ನಿನ್ನಿಷ್ಟ. ಏನಾರಾ ಎಚ್ಚುಕಮ್ಮಿ ಆಯ್ತೋ, ನಾಳೆಯಿಂದ ಕೊಟ್ಟಿಗೆ ಕಡೆ ತಲೆ ಆಕ್ಬ್ಯಾಡ."

ಕಾಂತರಾಜ ಹಿತ್ತಲ ಸುತ್ತ ನಾಲ್ಕು ಗೂಟ ನೆಟ್ಟು ಬಿಳಿ ನೈಲಾನ್ ಪಟ್ಟಿ ಎಳೆದ. ಬಿಳಿ ಪಟ್ಟಿ ಕಂಡರೆ ಹಸು ಹಿಂದೆ ಸರಿಯುತ್ತದೆ ಎಂಬುದು ಅವನು ಐದು ವರ್ಷ ಕಣ್ಣಾರೆ ಕಂಡಿದ್ದ ಸತ್ಯ. ಅಲ್ಲಿಯ ಪಟ್ಟಿಯಲ್ಲಿ ಕರೆಂಟು ಹರಿಯುತ್ತಿತ್ತು, ಇಲ್ಲಿಯದರಲ್ಲಿ ಇರಲಿಲ್ಲ. ಇಲ್ಲ ಎಂದು ಹಸುವಿಗೆ ಹೇಗೆ ಗೊತ್ತಾದೀತು ಎಂದುಕೊಂಡ. ಇರಬಹುದು ಎಂಬುದೇ ಹಸುವಿಗೆ ಗೊತ್ತಿರಲಿಲ್ಲ.

ಊರವರೆಲ್ಲ ಅದನ್ನು ಸೀಮೆಹಸು ಎನ್ನುತ್ತಿದ್ದರು. ಮೈಮೇಲಿನ ಕಪ್ಪು ಬಿಳುಪು ಮಚ್ಚೆ ಬಿಟ್ಟರೆ ಅದರಲ್ಲಿ ಸೀಮೆಯದು ಏನೂ ಉಳಿದಿರಲಿಲ್ಲ. ಹುಟ್ಟಿದ್ದು ಬಂಗಾರಪೇಟೆಯ ಪಕ್ಕ. ಕುಡಿಯುವುದು ಮುದ್ದೆ ಪಾತ್ರೆ ತೊಳೆದ ನೀರು. ಸಿಕ್ಕರೆ ಮದುವೆಯ ಲಗ್ನಪತ್ರಿಕೆಯನ್ನೂ ಬಿಡುತ್ತಿರಲಿಲ್ಲ. ಕಣ್ಣಿ ಬಿಚ್ಚಿದ ಮೇಲೆ ಅದು ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಆಮೇಲೆ ಬಿಳಿ ಪಟ್ಟಿಯನ್ನು ಎದೆಯ ಮೇಲೆ ಹಾರದ ಹಾಗೆ ಹಾಕಿಕೊಂಡು, ಗೂಟಗಳ ಸಮೇತ, ಹಿತ್ತಲ ಹಿಂದಿನ ಟೊಮೆಟೊ ತೋಟಕ್ಕೆ ಇಳಿಯಿತು.

ತೋಟ ಪಕ್ಕದ ಮನೆಯ ಮುನಿನಾರಾಯಣಪ್ಪನದು. ದೂರದ ವರಸೆಯಲ್ಲಿ ಕಾಂತರಾಜನಿಗೆ ದೊಡ್ಡಪ್ಪ. ಆತ ಕೊಯ್ಲಿಗೆ ಬಂದ ಹಣ್ಣಿನ ನಡುವೆ ನಿಂತು ಹಲ್ಲುಜ್ಜುತ್ತಿದ್ದ.

"ಲೋ ಕಾಂತಾ! ಇಡ್ಕಳ್ಲಾ ಅದುನ್ನ!"

ಕಾಂತರಾಜ ಹಿಡಿಯಲು ಓಡಲಿಲ್ಲ. ಕಲಿತಿದ್ದ ಹಾಗೆ ಎರಡೂ ಕೈ ಅಗಲಿಸಿ, ಹಸುವಿನ ಭುಜಕ್ಕೆ ಸರಿಯಾಗಿ ಇಪ್ಪತ್ತು ಹೆಜ್ಜೆ ದೂರದಲ್ಲಿ, ಮೆಲ್ಲಮೆಲ್ಲನೆ ನಡೆದ. ಹಸು ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಹೊರಳಿತು. ಅವನೂ ಹೊರಳಿದ.

"ಅದೇನ್ಲಾ ಮದ್ವೆ ಮೆರವಣಿಗೆ ಓದಂಗೆ ಓಗ್ತಾ ಇದ್ದೀಯ? ಕೋಲ್ನಾಗೆ ಒಂದು ಬುಡ್ಲಾ!"

"ಮೆಲ್ಲಗೆ ಮಾತಾಡು ದೊಡ್ಡಪ್ಪಾ. ಅದಕ್ಕೆ ಗಾಬರಿ ಆದ್ರೆ ಆಲು ಇಳಿಯಲ್ಲ."

"ನಂಗೆ ಗಾಬರಿ ಆಗೈತಲ್ಲಾ, ಅದಕ್ಕೇನ್ಲಾ ಇಳೀಬೇಕು?" ಎಂದು ಮುನಿನಾರಾಯಣಪ್ಪ ಬ್ರಷ್ಷನ್ನೇ ಹಸುವಿನ ಮೇಲೆ ಎಸೆದ.

ಅದು ಕಾಂತರಾಜನಿಗೆ ತಗುಲಿತು. ಹಸು ಹೆದರಿ ತೋಟ ದಾಟಿ ಚಿಕ್ಕವೆಂಕಟಮ್ಮನ ಅಂಗಳಕ್ಕೆ ನುಗ್ಗಿತು. ಅಲ್ಲಿ ಮುದುಕಿ ಹಳೆಯ ಸೀರೆಯ ಮೇಲೆ ಸಂಡಿಗೆ ಇಟ್ಟು, ಕಾಗೆ ಬಾರದಂತೆ ಕಾವಲು ಕೂತಿದ್ದಳು. ಕಾಗೆಗೆಂದು ಇಟ್ಟುಕೊಂಡಿದ್ದ ಕಡ್ಡಿ ಹಸುವಿಗೆ ಸಾಲಲಿಲ್ಲ. ಹಸು ಸಂಡಿಗೆಯನ್ನು ಪರೀಕ್ಷೆಗೆ ಕೂತವರಷ್ಟು ಶ್ರದ್ಧೆಯಿಂದ ತಿನ್ನತೊಡಗಿತು.

"ಒರೇ ಕಾಂತಾ! ಒಡೀರಾ ಅದುನ್ನ!"

"ಒಡೀಬಾರ್ದು ಅಜ್ಜೀ. ಅದರ ಮನಸ್ಸಿಗೆ ನೋವಾಗುತ್ತೆ."

ಚಿಕ್ಕವೆಂಕಟಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅಯ್ಯೋ ಪಾಪ, ಚೆಂದಾಗಿದ್ದ ಉಡ್ಗ. ಆ ದೇಸದ ನೀರು ತಲೆಗೆ ಅತ್ತೈತೆ" ಎಂದು ಕಡ್ಡಿಯನ್ನು ಅವನ ಬೆನ್ನಿಗೇ ಬೀಸಿದಳು.

ಅಷ್ಟರಲ್ಲಿ ಸುತ್ತಲಿನ ಮನೆಗಳವರೆಲ್ಲ ಹೊರಗೆ ಬಂದಿದ್ದರು. ಒಬ್ಬೊಬ್ಬರದು ಒಂದೊಂದು ಸಲಹೆ. ಬಾಲ ತಿರುವು ಎಂದರು, ಮೂಗಿಗೆ ಬೆರಳು ಹಾಕು ಎಂದರು. ಕಾಂತರಾಜ ಎಲ್ಲರಿಗೂ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಲು ಬೇಡಿಕೊಂಡ. ಊರವರು ಸುಮ್ಮನಾಗಲಿಲ್ಲ. ಹಸು ಮಾತ್ರ, ಈ ಗದ್ದಲ ತನಗೆ ಸಂಬಂಧಪಟ್ಟದ್ದಲ್ಲವೆಂಬಂತೆ ಅಂಗಳ ದಾಟಿ, ಬಸ್ಸಿನ ರಸ್ತೆಗೆ ಹೋಗಿ, ನಟ್ಟನಡುವೆ ಮಲಗಿತು. ಟಾರು ಆಗಲೇ ಹದವಾಗಿ ಬೆಚ್ಚಗಾಗಿತ್ತು.

ಅದೇ ಹೊತ್ತಿಗೆ ರಾಬರ್ಟ್‌ಸನ್‌ಪೇಟೆಯ ಬಸ್ಸು ಬಂತು. ಕಾಂತರಾಜನ ಕೈ ತಾನಾಗಿ ಮೇಲೆದ್ದು, ಒಂದು ಬೆರಳು ನೆಟ್ಟಗೆ ನಿಂತಿತು. ಡ್ರೈವರ್ ಸೆಲ್ವರಾಜ್ ಕೆ.ಜಿ.ಎಫ್. ಕಡೆಯವನು. ಒಂದು ಬೆರಳಿಗೆ ಶಾಲೆಯಲ್ಲಿ ಕಲಿತ ಅರ್ಥವೊಂದೇ ಅವನಿಗೆ ಗೊತ್ತಿದ್ದದ್ದು.

"ಅರ್ಜೆಂಟಾ ಇದ್ರೆ ಆ ಮರದ ಅತ್ರ ಓಗು ತಂಬಿ! ನನ್ನನ್ ಯಾಕ್ ಕೇಳ್ತೀಯ? ಮೊದ್ಲು ಈ ಮಾಡನ್ನ, ಅಸೂನ ಎಬ್ಸು!"

"ಹಾರನ್ ಹೊಡೀಬೇಡ ಅಣ್ಣಾ. ಅದು ಮಲಗಿ ಮೆಲುಕು ಹಾಕ್ತಾ ಇದೆ. ಈ ಟೈಮಲ್ಲೇ ಹಾಲು ಕಟ್ಟೋದು."

"ಎವ್ವಳವು ನೇರಂ? ಎಷ್ಟೊತ್ತು ಮಲಗುತ್ತೆ?"

ಕಾಂತರಾಜ ಸುಳ್ಳು ಹೇಳುವವನಲ್ಲ. "ಆರಾಮಾಗಿರೋ ಹಸು ದಿನಕ್ಕೆ ಹನ್ನೆರಡು ಗಂಟೆ ಮಲಗುತ್ತೆ" ಎಂದ.

ಸೆಲ್ವರಾಜ್ ಎಂಜಿನ್ ಆಫ್ ಮಾಡಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಬಸ್ಸಿನ ಹಿಂದೆ ಎರಡು ಟೊಮೆಟೊ ಗಾಡಿ, ಒಂದು ಆಟೊ, ಒಂದು ಟ್ರಾಕ್ಟರು ನಿಂತವು. ಮದುವೆಗೆ ಹೊರಟಿದ್ದ ಹೆಂಗಸೊಬ್ಬಳು ಕಿಟಕಿಯಿಂದ ತಲೆ ಹಾಕಿ, ಮುಹೂರ್ತ ಮೀರಿದರೆ ನಿನ್ನನ್ನೇ ಕರೆದುಕೊಂಡು ಹೋಗಿ ಹಸೆಮಣೆ ಮೇಲೆ ಕೂರಿಸುತ್ತೇನೆ ಎಂದು ಕಿರುಚಿದಳು. ನ್ಯೂಜಿಲೆಂಡಿನಲ್ಲಿ ಹಸುಗಳು ರಸ್ತೆ ದಾಟುವಾಗ ಗಾಡಿಯವರು ಎಂಜಿನ್ ನಿಲ್ಲಿಸಿ, ಕಾಫಿ ಕುಡಿಯುತ್ತಾ ಕಾಯುತ್ತಿದ್ದರು. ಆದರೆ ಅದನ್ನು ಈಗ ಹೇಳುವುದು ಬೇಡ ಎಂದು ಕಾಂತರಾಜನಿಗೂ ಹೊಳೆಯಿತು.

ಕೊನೆಗೆ ಅಶ್ವತ್ಥಮ್ಮ ಬಂದಳು. ಕೈಯಲ್ಲಿ ಬೂಸದ ಬಕೇಟು. ಜನರನ್ನು ಸರಿಸಿಕೊಂಡು ನಡೆದು, ಬಕೇಟಿನ ಹಿಡಿಯನ್ನು ಎರಡು ಸಲ ಕುಟ್ಟಿ, ಇಡೀ ರಸ್ತೆಗೆ ಕೇಳುವಂತೆ, "ಏಳೇ ಮನೆಹಾಳಿ!" ಎಂದಳು. ಹಸು ಎದ್ದು ಮೈ ಕೊಡವಿ ಆಕೆಯ ಹಿಂದೆ ಮನೆಗೆ ಹೊರಟಿತು. ಕಾಂತರಾಜ ಹಸುವಿನ ಹಿಂದೆ ಹೊರಟ.

ಹತ್ತು ಗಂಟೆಗೆಲ್ಲ ಡೇರಿಯ ಜಗುಲಿಯ ಮೇಲೆ ಪಂಚಾಯಿತಿ ಸೇರಿತು. ಡೇರಿಯ ಕಾರ್ಯದರ್ಶಿ ವೇಣು ಕುರ್ಚಿಯಲ್ಲಿ ಕೂತಿದ್ದ; ಮಿಕ್ಕವರು ನಿಂತಿದ್ದರು. ಮುನಿನಾರಾಯಣಪ್ಪ ಅರ್ಧ ತಿಂದ ಟೊಮೆಟೊಗಳನ್ನು ಸಾಕ್ಷಿಗೆಂದು ಟವೆಲಿನಲ್ಲಿ ಕಟ್ಟಿ ತಂದಿದ್ದ.

"ಪರದೇಸಕ್ಕೆ ಓದ್ರೆ ಜನಕ್ಕೆ ಬುದ್ಧಿ ಬತ್ತದೆ ಅಂತಾರೆ. ಇವ್ನು ಇದ್ದುದ್ದನ್ನೂ ಅಲ್ಲೇ ಬುಟ್ಟು ಬಂದವ್ನೆ" ಎಂದ ಆತ.

"ಇದೊಂದೇ ಅಲ್ಲ" ಎಂದ ವೇಣು. "ಬಂದ ವಾರದಾಗೇ ಆಲಿನ ಒಕ್ಕೂಟಕ್ಕೆ ಅರ್ಜಿ ಆಕವ್ನೆ. ಅಸ ಕಟ್ಟದೆ ಸಾಕೋ ಮಾದರಿ ಕೊಟ್ಟಿಗೆ ಮಾಡ್ತಾನಂತೆ. ಒಕ್ಕೂಟದೋರು ತಾಲ್ಲೂಕಿಗೆ ಒಬ್ರನ್ನ ಆರಿಸಿ, ನೆಲಕ್ಕೆ ರಬ್ಬರ್ ಆಸಿಗೆ, ಆಲು ಕರೆಯೋ ಮಿಶಿನ್ನು ಎಲ್ಲ ಕೊಡ್ತಾರೆ."

ಜಗುಲಿಯ ಮೇಲೆ ನಗು ಎದ್ದಿತು. ಕಾಂತರಾಜನ ಕಿವಿ ಬಿಸಿಯಾದವು. ಆ ಅರ್ಜಿಯನ್ನು ಬರೆಯಲು ಅವನು ಮೂರು ದಿನ ಕೂತಿದ್ದ. ನಾನೂರೈವತ್ತು ಹಸು ಬೇಡ, ಹತ್ತು ಸಾಕು, ಅವು ಬಿಸಿಲು ಬೇಕೆಂದರೆ ಬಿಸಿಲಿಗೆ, ನೆರಳು ಬೇಕೆಂದರೆ ನೆರಳಿಗೆ ಹೋಗುವಂಥ ಒಂದು ಕೊಟ್ಟಿಗೆ. ಮಳೆಯಲ್ಲಿ ಬೂಟು ಹಾಕಿಕೊಂಡು ನಿಂತಾಗಲೆಲ್ಲ ಅವನು ಯೋಚಿಸುತ್ತಿದ್ದುದು ಅದನ್ನೇ. ತಾಯಿಯ ಮುಖ ನೋಡಿದ.

"ಅಮ್ಮಾ, ಇನ್ನೂ ಸಾಯಂಕಾಲ ಆಗಿಲ್ಲ."

"ನಂಗಾಯ್ತಪ್ಪ" ಎಂದಳು ಅಶ್ವತ್ಥಮ್ಮ.

ಅವನು ತಲೆ ತಗ್ಗಿಸಿದ. ಅಲ್ಲಿಗೆ ಹೋದಾಗ ಅಲ್ಲಿಯವರ ಹಾಗೆ ಆಗಲಿಲ್ಲವೆ? ಬೂಟು ಹಾಕಿದೆ, ಬ್ರೆಡ್ಡು ತಿಂದೆ, ಬೆರಳೆತ್ತಿದೆ. ಸ್ವಂತ ಊರಿನಲ್ಲಿ ಊರಿನವರ ಹಾಗೆ ಇರಲು ಬಾರದೆ? ಅಲ್ಲಿಗೆ ಒಗ್ಗಿಕೊಳ್ಳಲು ಅವನಿಗೆ ವರ್ಷ ಹಿಡಿದಿತ್ತು. ಊರಿಗೆ ಮತ್ತೆ ಒಗ್ಗಿಕೊಳ್ಳುವುದನ್ನು ಜಗುಲಿಯ ಮೇಲೆ ಹತ್ತು ನಿಮಿಷದಲ್ಲಿ ಮುಗಿಸಬೇಕಾಯಿತು.

"ತಪ್ಪಾಯ್ತು ದೊಡ್ಡಪ್ಪಾ. ಇವತ್ತಿಂದ ಕಟ್ತೀನಿ."

"ನೀನು ಕಟ್ಟೋದು ಬ್ಯಾಡ, ನಿನ್ನ ನಂಬಕಾಗಲ್ಲ. ನಾನೇ ಕಟ್ತೀನಿ" ಎಂದ ಮುನಿನಾರಾಯಣಪ್ಪ.

ಅಶ್ವತ್ಥಮ್ಮನ ಮನೆಯ ಕಣ್ಣಿಯನ್ನು ಆತ ಎರಡು ಬೆರಳಿನಲ್ಲಿ ಎಳೆದು ನೋಡಿ, ಇದು ಲಂಗದ ಲಾಡಿಗೂ ಆಗುವುದಿಲ್ಲ ಎಂದು ಎಸೆದ. ಸೀದಾ ತನ್ನ ಮನೆಗೆ ಹೋಗಿ, ತನ್ನ ಮೂರು ಹಸುಗಳ ಕೊರಳಿನಿಂದ ಮೂರು ಗಟ್ಟಿ ಹಗ್ಗ ಬಿಚ್ಚಿ ತಂದ. ಆತನ ಅಂಗಳಕ್ಕೆ ಎದೆಯೆತ್ತರದ ಗೋಡೆ, ಕಬ್ಬಿಣದ ಗೇಟು ಇದ್ದದ್ದರಿಂದ ಒಂದು ದಿನಕ್ಕೆ ತೊಂದರೆಯಿರಲಿಲ್ಲ. ನಾಳೆ ಬಂಗಾರಪೇಟೆಯಿಂದ ಹೊಸ ಹಗ್ಗ ತಂದರಾಯಿತು. ಕೊರಳಿಗೊಂದು, ಮೂಗುದಾರಕ್ಕೊಂದು, ಹಿಂಗಾಲಿಗೊಂದು, ಹೀಗೆ ಮೂರು ಹಗ್ಗದಲ್ಲಿ ಸೀಮೆಹಸುವನ್ನು ಪಾರ್ಸಲ್ ಆಫೀಸಿಗೆ ಹೊರಟ ಗಂಟಿನ ಹಾಗೆ ಬಿಗಿದ.

ಮಧ್ಯಾಹ್ನ ಮೂರಕ್ಕೆ ಒಂದು ಜೀಪು ಬಂತು. ಇಳಿದದ್ದು ಒಕ್ಕೂಟದ ಪಶುವೈದ್ಯೆ ಇಂದ್ರಾಣಿ. ಕೈಯಲ್ಲಿ ಕಾಂತರಾಜನ ಅರ್ಜಿ. ವೇಣು ಓಡಿ ಬಂದ. ಅವನ ಹಿಂದೆ ಮುನಿನಾರಾಯಣಪ್ಪ, ಚಿಕ್ಕವೆಂಕಟಮ್ಮ, ಇನ್ನೂ ಐದಾರು ಮಂದಿ.

"ಕಾಂತರಾಜ್ ಯಾರು? ತುಂಬ ಚೆನ್ನಾಗಿ ಬರೆದಿದ್ದೀರಿ. ಇಂಥವರಿಗಾಗಿಯೇ ಹುಡುಕ್ತಾ ಇದ್ವಿ. ಎಲ್ಲಿ, ಹಸು ತೋರಿಸಿ" ಎಂದು ಆಕೆ ನಗುತ್ತ ಕೊಟ್ಟಿಗೆಗೆ ಬಂದಳು.

ಬಂದವಳು ಬಾಗಿಲಲ್ಲೇ ನಿಂತಳು. ಹಸು ಕತ್ತು ತಿರುಗಿಸಲೂ ಆಗದೆ ಕಣ್ಣನ್ನು ಮಾತ್ರ ಹೊರಳಿಸಿ ಆಕೆಯನ್ನು ನೋಡಿತು.

"ಇದೇನಿದು? ಮೂರು ಹಗ್ಗ?"

"ಅದು ಏನಾಯ್ತು ಅಂದ್ರೆ ಮೇಡಂ, ಬೆಳಿಗ್ಗೆ..." ಎಂದು ಕಾಂತರಾಜ ಶುರುಮಾಡಿ ಸುತ್ತ ನೋಡಿದ. ಸುತ್ತ ನಿಂತವರೆಲ್ಲ ಅವನನ್ನೇ ನೋಡುತ್ತಿದ್ದರು. ಟೊಮೆಟೊ, ಸಂಡಿಗೆ, ಬಸ್ಸು, ಎಲ್ಲಿಂದ ಹೇಳಿದರೂ ತನ್ನ ಅರ್ಜಿಗೆ ತಾನೇ ಕೊಳ್ಳಿ ಇಟ್ಟಂತೆ.

ಆಗ ಪಕ್ಕದ ಅಂಗಳದಿಂದ ಒಂದು ಹಸು ಅಂಬಾ ಎಂದಿತು. ಇಂದ್ರಾಣಿ ಗೋಡೆಯ ಮೇಲಿಂದ ಇಣುಕಿದಳು. ಒಂದು ಹಸು ಹುಣಸೆಮರದ ನೆರಳಲ್ಲಿ ಕಾಲು ಚಾಚಿ ಮಲಗಿ ಮೆಲುಕು ಹಾಕುತ್ತಿತ್ತು. ಇನ್ನೊಂದು ತೊಟ್ಟಿಯಲ್ಲಿ ಬಾಯಿಟ್ಟು ನೀರು ಕುಡಿಯುತ್ತಿತ್ತು. ಮೂರನೆಯದು ಗೋಡೆಗೆ ಮೈ ಉಜ್ಜಿಕೊಳ್ಳುತ್ತ ಪರಮಸುಖದಲ್ಲಿ ಕಣ್ಣು ಮುಚ್ಚಿತ್ತು. ಮೂರರ ಕೊರಳಲ್ಲೂ ಒಂದು ದಾರವೂ ಇರಲಿಲ್ಲ.

"ಅಬ್ಬಾ! ಇದು, ಇದು ನೋಡಿ! ಯಾರ ಮನೆ ಇದು?"

ಮುನಿನಾರಾಯಣಪ್ಪ ಕೊಟ್ಟಿಗೆಯಲ್ಲಿದ್ದ ತನ್ನ ಮೂರು ಹಗ್ಗಗಳನ್ನು ನೋಡಿದ. ಗೋಡೆಯಾಚೆಯ ತನ್ನ ಮೂರು ಹಸುಗಳನ್ನು ನೋಡಿದ. ಕಾಂತರಾಜನನ್ನು ಮಾತ್ರ ನೋಡಲಿಲ್ಲ. ಹೆಗಲ ಟವೆಲು ಸರಿಮಾಡಿಕೊಂಡ.

"ನಮ್ದೇ ತಾಯಿ."

"ಕಟ್ಟೋದೇ ಇಲ್ವಾ?"

"ಕಟ್ಟೋದಾ! ಮೂಕಜೀವ ತಾಯಿ, ಅದಕ್ಕೂ ಮನಸ್ಸಿರಲ್ವಾ? ಗಾಬರಿ ಆದ್ರೆ ಆಲು ಇಳಿಯಲ್ಲ. ನಮ್ಮ ತಾತನ ಕಾಲದಿಂದ್ಲೂ ಇಂಗೇ."

ಚಿಕ್ಕವೆಂಕಟಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇಂದ್ರಾಣಿ ಅಂಗಳಕ್ಕೆ ಹೋಗಿ ಎಂಟು ಫೋಟೊ ತೆಗೆದಳು, ಮುನಿನಾರಾಯಣಪ್ಪನನ್ನು ಮಲಗಿದ ಹಸುವಿನ ಪಕ್ಕ ಕೂರಿಸಿ ಇನ್ನೊಂದು ತೆಗೆದಳು. ಮಾದರಿ ಕೊಟ್ಟಿಗೆಯ ಕಾಗದಕ್ಕೆ ಆತನ ಸಹಿ ಹಾಕಿಸಿದಳು. ಹೊರಡುವಾಗ ಕಾಂತರಾಜನ ಬಳಿ ನಿಂತು ಅರ್ಜಿಯನ್ನು ಅವನ ಕೈಗೆ ವಾಪಸು ಕೊಟ್ಟಳು. ದನಿಯಲ್ಲಿ ಕೋಪಕ್ಕಿಂತ ಮರುಕವೇ ಹೆಚ್ಚಿತ್ತು.

"ಹೊರದೇಶಕ್ಕೆ ಹೋಗಿ ಬಂದರೆ ಸಾಲದು ಕಾಂತರಾಜ್, ಅಲ್ಲಿಂದ ಏನಾದರೂ ಕಲಿತು ಬರಬೇಕು. ಬೇತಮಂಗಲ ದಾಟದ ಈ ಯಜಮಾನರಿಗಿರೋ ತಿಳಿವಳಿಕೆ ನಿಮಗಿಲ್ಲವಲ್ಲ! ಮುಂದಿನ ವಾರ ಇವರ ಅಂಗಳದಲ್ಲೇ ಮೂರು ದಿನ ತರಬೇತಿ ಇಡ್ತೀವಿ. ಹೇಳಿಕೊಡೋರು ಇವರೇ. ಮೊದಲನೇ ಹೆಸರು ನಿಮ್ಮದೇ ಬರೆದುಕೊಂಡಿದ್ದೀನಿ, ತಪ್ಪಿಸಬೇಡಿ."

ಜೀಪು ಹೋಯಿತು. ಜನ ಮುನಿನಾರಾಯಣಪ್ಪನ ಕೈ ಕುಲುಕಿ ಚದುರಿದರು. ಅಶ್ವತ್ಥಮ್ಮ ಸಂಜೆಯ ಹಾಲು ಕರೆಯಲು ಕೂತಳು. ಹಗ್ಗದ ಬಿಗಿತಕ್ಕೆ ಸಿಟ್ಟಾಗಿದ್ದ ಹಸು ತಂಬಿಗೆಯ ತಳ ಮುಳುಗುವಷ್ಟೂ ಹಾಲು ಬಿಡಲಿಲ್ಲ. ಆಕೆ ಎದ್ದು ಮಗನ ಕಡೆ ನೋಡಿ ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ಮುನಿನಾರಾಯಣಪ್ಪನ ತಲೆ ಕಾಣಿಸಿತು.

"ಲೋ ಕಾಂತಾ, ಊಟ ಆದ್ಮೇಲೆ ಬಾರ್ಲಾ ಇತ್ಲಾಗೆ. ಆ ಅಸದ ಮನಸ್ಸು, ಅನ್ನೆರಡು ಗಂಟೆ ನಿದ್ದೆ, ಎಲ್ಲಾ ಒಂದು ಆಳೆ ಮೇಲೆ ಬರ್ಕೊಡ್ಬೇಕು. ಮುಂದಿನ ವಾರ ನಿಂಗೆ ಪಾಠ ಏಳ್ಬೇಕಲ್ಲಾ."

ಕಾಂತರಾಜ ದನಿಯೆತ್ತಲಿಲ್ಲ, ಕೋಲೆತ್ತಲಿಲ್ಲ. ಕೊಟ್ಟಿಗೆಗೆ ಹೋಗಿ, ಹಸುವಿನ ಮೈಮೇಲಿನ ಮೂರು ಹಗ್ಗವನ್ನೂ ಬಿಚ್ಚಿ ಸುತ್ತಿ ತಂದು ಗೋಡೆಯ ಮೇಲಿಟ್ಟ.

"ತಗೋ ದೊಡ್ಡಪ್ಪಾ, ನಿನ್ನ ಅಗ್ಗ."

ಮುನಿನಾರಾಯಣಪ್ಪ ಹಗ್ಗವನ್ನು ಹಾವು ಕಂಡವನ ಹಾಗೆ ನೋಡಿ, ಎರಡೇ ಬೆರಳಲ್ಲಿ ಈಚೆಗೆ ತಳ್ಳಿದ.

"ಥೂ, ಅದನ್ಯಾಕ್ಲಾ ನಮ್ಮ ಮನೆಗೆ ಕೊಡ್ತೀಯ? ಮಾದರಿ ಕೊಟ್ಟಿಗೆ ಕಣ್ಲಾ ಇದು. ನೀನೇ ಇಟ್ಕೋ."